ಒಪ್ಪಂದ ಪತ್ರದ ಹಿಂಬದಿ

ಶಿಡ್ಲಘಟ್ಟದ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ
ಎಂಟನೇ ತರಗತಿಯ ಕಿಟಕಿ ತೆಗೆದರೆ ಬೇಯುವ ಗೂಡಿನ ವಾಸನೆ.
ಹೊಸ ಮೇಷ್ಟ್ರು ಮೊದಲ ವಾರ ಮೂಗು ಮುಚ್ಚುತ್ತಾರೆ,
ಎರಡನೇ ವಾರ ಕಿಟಕಿ.
ಹದಿನಾಲ್ಕು ವರ್ಷದಿಂದ ಇಲ್ಲೇ ವಿಜ್ಞಾನ ಹೇಳುವ ನನಗೆ
ವಾಸನೆ ಬಾರದ ದಿನವೇ ದಿಗಿಲು.
ಒಲೆ ಹಚ್ಚದ ವಾರ, ಬಿಸಿಯೂಟದಲ್ಲಿ
ಎರಡನೇ ಸಲ ಚಾಚುವ ತಟ್ಟೆಗಳು ಹೆಚ್ಚು.

ಒಪ್ಪಂದದ ದಿನ ಪೆಂಡಾಲ್ ಇರಲಿಲ್ಲ.
ಸ್ಟಾಫ್ ರೂಮಿನ ಮೇಜಿಗೆ
ಆಗಸ್ಟ್ ಹದಿನೈದಕ್ಕೆ ಮಾತ್ರ ಹಾಸುವ ಹಸಿರು ಬಟ್ಟೆ,
ಮೂರು ತಟ್ಟೆ ಖಾರಾಬೂಂದಿ.
ಚಿಂತಾಮಣಿ ಪಾಲಿಟೆಕ್ನಿಕ್ಕಿನ ವನಜಾಕ್ಷಿ ಮೇಡಂ ಒಂದು ಕಡೆ,
ರೀಲರ್ ಅಕ್ಮಲ್ ಸಾಬರು ಇನ್ನೊಂದು ಕಡೆ,
ನಡುವೆ ಹೆಡ್‌ಮಾಸ್ಟರ್ ಮುನಿಶಾಮಪ್ಪ ನಿಂತು ಓದಿದರು:
ಕಾಲೇಜು ಪ್ರಯೋಗಶಾಲೆಯನ್ನು ತೆರೆಯತಕ್ಕದ್ದು,
ಘಟಕವು ತನ್ನ ಬಾಗಿಲನ್ನು ತೆರೆಯತಕ್ಕದ್ದು,
ಶಾಲೆಯು ಮಕ್ಕಳನ್ನು ಕಳಿಸತಕ್ಕದ್ದು.

"ಕಳಿಸೋದು ಅಂದ್ರೆ ನೋಡೋಕಾ ಸಾರ್, ಮಾಡೋಕಾ?"

ಬಾಗಿಲ ಹತ್ತಿರದ ಕುರ್ಚಿಯಿಂದ ಮುಬೀನ್ ತಾಜ್.
ಶಾಲಾ ಸಮಿತಿಯ ಸದಸ್ಯೆ, ಒಂಬತ್ತನೇ ತರಗತಿಯ ಹರ್ಷಿಯಾಳ ತಾಯಿ,
ಅಕ್ಮಲ್ ಸಾಬರಲ್ಲೇ ನೂಲು ಬಿಚ್ಚುವವರು.
ಖಾರಾಬೂಂದಿ ಕಡಿಯುವ ಸದ್ದು ನಿಂತಿತು.
"ನಾನೂ ಮೊದಲ ದಿನ ನೋಡೋಕೇ ಹೋಗಿದ್ದೆ.
ಅಮ್ಮಿ ಜೊತೆ. ಒಂಬತ್ತು ವರ್ಷ.
ಇನ್ನೂ ವಾಪಸ್ ಬಂದಿಲ್ಲ."

ಸಾಬರು ಟೋಪಿ ಸರಿಮಾಡಿಕೊಂಡರು.
ಕೆಟ್ಟವರಲ್ಲ. ನಮ್ಮ ಶಾಲೆಯವರೇ, ಏಳನೇ ಕ್ಲಾಸು ಫೇಲು,
ನೀರಿನ ಟ್ಯಾಂಕಿನ ಮೇಲೆ ಅವರ ಹೆಸರಿದೆ.
"ಬರೀರಿ ಮೇಷ್ಟ್ರೇ," ಅಂದರು, "ಆಯಮ್ಮ ಹೇಳಿದ್ದು ಬರೀರಿ."
ಮುಂಬದಿಯಲ್ಲಿ ಜಾಗವಿರಲಿಲ್ಲ. ಮಗುಚಿ ಬರೆದೆ:
ಹತ್ತನೇ ತರಗತಿ ಮುಗಿಸದ ಯಾರ ಬೆರಳೂ
ಬೇಸಿನ್ನಿನ ನೀರನ್ನು ಮುಟ್ಟತಕ್ಕದ್ದಲ್ಲ.

ಪೆನ್ನು ಕೊಟ್ಟರೆ ಆಕೆ ಸ್ಟಾಂಪ್ ಪ್ಯಾಡು ಕೇಳಿದರು.
"ಸಹಿ ಬರುತ್ತಲ್ಲಮ್ಮ ನಿನಗೆ?"
"ಬರುತ್ತೆ ಸಾರ್. ಇದೂ ಇರಲಿ."
ಒತ್ತಿ ತೆಗೆದ ಹೆಬ್ಬೆಟ್ಟಿನಲ್ಲಿ ಒಂದು ಗೆರೆಯಿಲ್ಲ,
ನೀಲಿ ಗೋಲಿ ಒಡೆದು ಚಪ್ಪಟೆಯಾದ ಹಾಗೆ.
ರೇಷನ್ ಅಂಗಡಿಯ ಮೆಷಿನ್ನೂ ಗುರುತಿಸುವುದಿಲ್ಲವಂತೆ,
ಪ್ರತಿ ತಿಂಗಳೂ ಯಾರು ನೀನು ಅನ್ನುತ್ತದಂತೆ.

(ಮೇಲಿನವರಿಗೆ ಕಳಿಸಿದ ಜೆರಾಕ್ಸಿನಲ್ಲಿ ಮುಂಬದಿ ಮಾತ್ರ ಇದೆ.
ಆದರೂ ಶಾಯಿ ಕಾಗದ ದಾಟಿ ಬಂದಿದೆ,
ಮುನಿಶಾಮಪ್ಪನವರ ಸಹಿಯ ಪಕ್ಕ ಬೂದು ಕಲೆ.)

ಈಗ ಗುರುವಾರ ಮಧ್ಯಾಹ್ನ ಹನ್ನೆರಡು ಮಕ್ಕಳು
ಥರ್ಮಾಮೀಟರು, ನೋಟ್‌ಬುಕ್ಕು ಹಿಡಿದು ಗಲ್ಲಿ ದಾಟುತ್ತಾರೆ.
ಕೈ ಬೆನ್ನ ಹಿಂದೆ, ಅದೇ ನಿಯಮ.
ಹರ್ಷಿಯಾ ಬರೆದಿದ್ದಾಳೆ:
ಬೇಯಿಸುವ ಹಂಡೆ ತೊಂಬತ್ತೈದು ಡಿಗ್ರಿ.
ಬಿಚ್ಚುವ ಬೇಸಿನ್ನು ಅರವತ್ತೊಂದು.
ಅಮ್ಮಿ ತಣ್ಣೀರಿನ ಮಗ್ಗಿಗೆ ಬೆರಳು ಅದ್ದುವುದು
ನಿಮಿಷಕ್ಕೆ ಏಳು ಸಲ.
ಹತ್ತಕ್ಕೆ ಎಷ್ಟು ಅಂಕ ಕೊಡಲಿ ಎಂದು
ಕೆಂಪು ಪೆನ್ನು ಬಹಳ ಹೊತ್ತು ಹಿಡಿದು ಕೂತಿದ್ದೆ.

ಆ ಅಂಕಿಗಳನ್ನು ವನಜಾಕ್ಷಿ ಮೇಡಂ ಕಾಲೇಜಿಗೆ ಒಯ್ದರು.
ಎರಡು ತಿಂಗಳ ಮೇಲೆ ಅವರ ಹುಡುಗರು ಹೊತ್ತು ತಂದದ್ದು
ಸೈಕಲ್ ಕಡ್ಡಿಯ ಒಂದು ಸೌಟು, ತುದಿಯಲ್ಲಿ ಕುಂಚ.
ಬೆರಳು ನೀರಿಗಿಳಿಯದೆ ಎಳೆಯ ತುದಿ ಹುಡುಕಲು.
ಹತ್ತು ಗೂಡಿಗೆ ಮೂರರಲ್ಲಿ ಸಿಕ್ಕಿತು.
ಬೆರಳಿಗಾದರೆ ಹತ್ತಕ್ಕೆ ಹತ್ತು.
ಅಕ್ಮಲ್ ಸಾಬರು ನಕ್ಕರು, ಆದರೂ
ಒಂದು ಮೊಳೆ ಹೊಡೆಸಿ ತೂಗುಹಾಕಿಸಿದರು.

ಹುಡುಗರು ಮುಖ ಸಣ್ಣದು ಮಾಡಿಕೊಂಡು ಬಸ್ಸಿಗೆ ಹೋದರು.
ನಾನು ಹಾಜರಿ ಕೂಗುತ್ತಿದ್ದೆ. ಆಗ ಮುಬೀನ್ ತಾಜ್
ಮೊಳೆಯಿಂದ ಅದನ್ನು ತೆಗೆದು, ತಿರುಗಿಸಿ ನೋಡಿ,
ಹಿಡಿಯ ದಾರ ಬಿಚ್ಚಿ ಬೇರೆ ಥರ ಸುತ್ತಿದರು.

"ಕಾಲೇಜಿನವರಿಗೆ ಹೇಳಿ ಸಾರ್,
ಇಷ್ಟು ನೆಟ್ಟಗಿದ್ದರೆ ಆಗಲ್ಲ.
ಇಲ್ಲಿ ಬಾಗಬೇಕು,
ಇಲ್ಲಿ."