ಬಟ್ಟಲಿನ ಬೆನ್ನು

ಗೋಣಿಕೊಪ್ಪದಲ್ಲಿ, ಪಾತ್ರೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ
ಮೇಜಿನ ತುಂಬ ಬಟ್ಟಲುಗಳ ಬೆನ್ನು.
ಅರವತ್ತಮೂರು ಫೋಟೋ, ನಾರಾದಿಂದ ಬಂದದ್ದು.
ಅಲ್ಲಿನ ನೆಲಮಾಳಿಗೆಯಲ್ಲಿ ಎರಡು ಚಳಿಗಾಲ
ಹಲ್ಲುಜ್ಜುವ ಬ್ರಷ್ಷಿನಿಂದ ನಾನೇ ತೊಳೆದ ಚೂರುಗಳು.

ಬರಿಗಣ್ಣಿಗೆ ಬರೀ ಮಣ್ಣು.
ಕಣ್ಣು ಕಾಣದ ಕೆಂಪಿನಲ್ಲಿ ತೆಗೆದರೆ ಮಸಿ ಏಳುತ್ತದೆ
ಹನ್ನೆರಡು ನೂರು ವರ್ಷದ ಕೆಳಗಿಂದ,
ಹಾಜರಿ ಕೂಗಿದಾಗ ಹಿಂದಿನ ಬೆಂಚಿನ ಹುಡುಗ ಎದ್ದ ಹಾಗೆ.

ಹೆಚ್ಚಿನವು ಒಂದೇ ಅಕ್ಷರ.
ಇದು ಬಾವಿ: ಅಡ್ಡ ಎರಡು ಗೀಟು, ಉದ್ದ ಎರಡು,
ಚೌಕಾಬಾರ ಆಡಲು ಹೊರಟು ಅರ್ಧಕ್ಕೆ ಬಿಟ್ಟಂತೆ.
ಇದು ದೊಡ್ಡದು: ಕೈಕಾಲು ಚಾಚಿ ನಿಂತ ಮನುಷ್ಯ.
ಇದು ಅಡುಗೆಮನೆ. ಬರೆಯುವವನಿಗೆ ನಡುವೆ ಬೇಸರ ಬಂದು
ಉಳಿದದ್ದನ್ನು ಒಂದೇ ಎಳೆತಕ್ಕೆ ಮುಗಿಸಿದ್ದಾನೆ.

ದತ್ತಿ ಬಿಟ್ಟ ದೊರೆ ಇಲ್ಲ,
ಅಳಿದವನು ಕವಿಲೆಯ ಕೊಂದ ಪಾಪಕ್ಕೆ ಹೋಗಲಿ
ಎಂಬ ಶಾಪವೂ ಇಲ್ಲ.
ಇದು ನಮ್ಮದು, ತಗೊಂಡವರು ತಿರುಗಿ ಕೊಡಿ. ಅಷ್ಟೆ.

ಕೆಳಗೆ ಯಂತ್ರದ ಪೆನ್ನು ಝರ್ರೆನ್ನುತ್ತದೆ.
ಅಂಗಡಿಯ ಹುಡುಗ ಸ್ಟೀಲು ತಟ್ಟೆಯ ಅಂಚಿಗೆ
ಚುಕ್ಕಿಚುಕ್ಕಿಯಾಗಿ ಕೆತ್ತುತ್ತಾನೆ
ಮದುವೆಯ ತಾರೀಕು, ಕೊಟ್ಟವರ ಮನೆಹೆಸರು,
ಜಾಗ ಸಾಲದೆ ಉಳಿದದ್ದು ಬೆನ್ನಿಗೆ.
ನನ್ನ ಪ್ರಬಂಧದ ಎರಡನೇ ಅಧ್ಯಾಯ, ನಲವತ್ತು ಪುಟ,
ಅವನಲ್ಲಿ ಅಕ್ಷರಕ್ಕೆ ಎರಡು ರೂಪಾಯಿ.

ಭಾನುವಾರ ಸಂತೆಗೆ ಬಂದ ಚಾತು ಮಾವ ಮೆಟ್ಟಿಲೇರಿದ.
ನಮ್ಮ ಕೇರಿಯ ಕೊಯವರಲ್ಲಿ ಚಕ್ರ ಬಿಡದೆ ಉಳಿದವನು ಅವನೊಬ್ಬ,
ಈಗ ರೆಸಾರ್ಟುಗಳಿಗೆ ಹೂಕುಂಡ ಮಾಡುತ್ತಾನೆ.
ಫೋಟೋ ಎತ್ತಿಕೊಂಡ, ತಿರುಗಿಸಿದ. ಅಕ್ಷರ ತಲೆಕೆಳಗಾಯಿತು.
ಹಾಗಲ್ಲ ಮಾವ, ಹೀಗೆ, ಅಂದೆ.
"ನೀನು ಬರೆದವನ್ನ ನೋಡ್ತಿದ್ದಿ," ಅಂದ.
ಮಸಿಯ ಅಡಿಯ ಸುಳಿಯನ್ನು ಉಗುರಲ್ಲಿ ತೋರಿಸಿದ:
ಚಕ್ರ ನಿಲ್ಲುವ ಮೊದಲೇ ದಾರ ಎಳೆದಿದ್ದಾನೆ.
ಅವಸರದ ಆಳು.
ಇವತ್ತಿಗೆ ನೂರು ಆಗಲೇಬೇಕು ಅಂತ ಯಾರೋ ಮೇಲೆ ನಿಂತಿದ್ದಾರೆ.
ಈ ನಾಲ್ಕೂ ಒಬ್ಬನ ಕೈ.
ಇದು ಮಾತ್ರ ಅವನ ಮಗನದ್ದೋ ಏನೋ,
ದಾರ ನಡುವೆ ತಡವರಿಸಿದೆ.

ಕೋಷ್ಟಕದಲ್ಲಿ ಅಕ್ಷರಕ್ಕೆ, ಓದಿಗೆ, ಸಿಕ್ಕ ಗುಂಡಿಯ ಆಳಕ್ಕೆ ಕಾಲಂ ಇದೆ.
ಮಗ ತಡವರಿಸಿದ್ದನ್ನು ಎಲ್ಲಿ ಬರೆಯಲಿ?

ಒಂದರಲ್ಲಿ ಅಕ್ಷರವಿಲ್ಲ, ಮುಖ.
ಪೊದೆಹುಬ್ಬು, ಗಡ್ಡ, ಸಿಟ್ಟಿನ ಬಾಯಿ.
ಜ್ವರ ಬಂದವರು ಇದರೊಳಗೆ ಉಸಿರು ಊದಿ, ಬಾಯಿ ಕಟ್ಟಿ,
ಹೊಳೆಗೆ ಬಿಡುತ್ತಿದ್ದರಂತೆ ಮಾವ.
ಅವನು ಅದನ್ನು ಮೆಲ್ಲಗೆ ಮಗುಚಿಟ್ಟ.
"ತೊಳೆದವಳು ನೀನೇ ಅಲ್ವಾ?" ಅಂದ.
ಆ ಚಳಿಗಾಲದ ಕೆಮ್ಮಿನ ಸುದ್ದಿ ನಾನು ಎತ್ತಲಿಲ್ಲ.

ಕೊನೆಯದು, ಅರವತ್ತಮೂರನೆಯದು, ಒಡೆದ ಅಂಚಿನಲ್ಲಿ ಒಂದೇ ಗೀಟು.
ನಾರಾದ ಮೇಡಮ್ಮಿಗೆ ಅದು ಹತ್ತು,
ಅವರ ಶಿಷ್ಯನಿಗೆ ಸಾವಿರದ ಬಾಲ,
ಇಬ್ಬರೂ ಮೂರು ವರ್ಷದಿಂದ ಮರ್ಯಾದೆಯಾಗಿ ಜಗಳಾಡುತ್ತಿದ್ದಾರೆ.
ಮಾವ ಕಾಫಿ ಮುಗಿಸಿ, ಲೋಟ ಇಟ್ಟು,
"ಕುಂಚ ಬರೀತದೋ ಅಂತ ನೋಡಿದ್ದಾನೆ," ಅಂದ.

ಷರಾದಲ್ಲಿ ಅದನ್ನೇ ಹಾಕೋಣವೆಂದರೆ
ಪೆನ್ನು ಮೂಡಲಿಲ್ಲ.
ಫೋಟೋ ಬಂದ ಲಕೋಟೆಯ ಬೆನ್ನಿಗೆ ಒಂದು ಗೀಟು ಎಳೆದೆ,
ಇನ್ನೊಂದು, ಮೂಡಿತು.
'ಓದಲಾಗಿಲ್ಲ' ಎಂದು ಬರೆದೆ.

ಐದೂವರೆಯ ಬಸ್ಸಿಗೆ ಮಾವ ಹೊರಟಾಗ
ಬಾಳೆಕಾಯಿ ಚಿಪ್ಸನ್ನು ಆ ಲಕೋಟೆಯಲ್ಲೇ ಕಟ್ಟಿಕೊಟ್ಟೆ.