ಗೆರೆಯ ಮೇಲೆ ಕೂತ ಅಪ್ಪ

ಹೆರ್ನೆ ಊರಿನ ಶಾಲೆ. ನವೆಂಬರ್, ಎಪ್ಪತ್ತಮೂರು.
ಒಂದನೇ ಇಯತ್ತೆಯ ಗಿಡ್ಡ ಕುರ್ಚಿಗಳಲ್ಲಿ
ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತಿದ್ದಾರೆ
ಅಪ್ಪಂದಿರು, ಅಮ್ಮಂದಿರು.
ಮಕ್ಕಳ ಹೊಸ ಲೆಕ್ಕ ತಲೆಗೆ ಹತ್ತದೆ
ತಾವೇ ಮತ್ತೆ ಶಾಲೆಗೆ ಬಿದ್ದವರು.
ಮಗ್ಗಿಯಿಲ್ಲ ಇಲ್ಲಿ, ಕೂಡುವುದಿಲ್ಲ, ಕಳೆಯುವುದಿಲ್ಲ.
ಮೇಜಿನ ಮೇಲೊಂದು ಕೆಂಪು ದಾರದ ಸುತ್ತು, ಅಷ್ಟೆ.

ಟೀಚರ್ ಲ್ಯುಟ್ಕೆ ಅದರೊಳಗಿಟ್ಟರು
ಒಂದು ಕೋಟಿನ ಗುಂಡಿ, ಒಂದು ಪ್ಲಮ್ ಓಟೆ, ಸೈಕಲ್ಲಿನ ಕೀಲಿ.
"ಇದು ಗಣ. ಇವು ಮೂರು ಅದರ ಗಣಾಂಶ.
ಕೀಲಿ ಮೊದಲೋ ಓಟೆ ಮೊದಲೋ,
ಗಣಕ್ಕೆ ಪಂಕ್ತಿಭೇದವಿಲ್ಲ.
ಗುಂಡಿಯ ಹೆಸರು ಹತ್ತು ಸಲ ಕೂಗಿ, ಗುಂಡಿ ಒಂದೇ.
ಒಂದಕ್ಕೊಂದು ನಂಟಿರಬೇಕೆಂದೇನಿಲ್ಲ;
ಒಳಗೋ ಹೊರಗೋ, ಅದು ಮಾತ್ರ ಖಚಿತವಿರಬೇಕು.
ಹೊಸ್ತಿಲ ಮೇಲೆ ಕೂರುವಂತಿಲ್ಲ ಯಾರೂ."

"ತರಗತಿಯ ಜಾಣ ಮಕ್ಕಳು?" ಕೇಳಿದಳು ಬೇಕರಿಯಾಕೆ.
"ಅದು ಗಣವಾಗದು. ಜಾಣರು ಯಾರೆಂದು ಯಾರು ಹೇಳಬೇಕು?"
"ನಾನು ಹೇಳ್ತೀನಿ."
ನಕ್ಕರು ಎಲ್ಲ.

ನಗದವನೊಬ್ಬ, ಹಿಂದಿನ ಸಾಲಿನ ಅಲ್ಫೋನ್ಸ್ ಪಿಯೊಂಟೆಕ್.
ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಮಗಳ ಹಾಳೆ:
ನಿಮ್ಮ ಮನೆಯವರ ಗಣ ಬರೆಯಿರಿ.
ರೋಸ್‌ವಿಟಾ ಬರೆದಿದ್ದಾಳೆ ದೊಡ್ಡದೊಂದು ಸುತ್ತು, ಒಳಗೆ
ಅಮ್ಮ, ತಾನು, ಕುಂಟ ನಾಯಿ.
ಅಪ್ಪನನ್ನು ಕೂರಿಸಿದ್ದಾಳೆ ಗೆರೆಯ ಮೇಲೆ,
ಒಂದು ಬೂಟು ಒಳಗೆ, ಒಂದು ಹೊರಗೆ.
ಕಾರಣ ಕೇಳಿದರೆ: ರಾತ್ರಿ ಇರಲ್ಲ, ಹಗಲು ನಿದ್ದೆ.
ಪಕ್ಕದಲ್ಲಿ ಕೆಂಪು ಶಾಯಿಯ ಗೀಟು. ತಪ್ಪು.

(ನಮ್ಮ ಕಾಗುಣಿತದಲ್ಲಿ
ಗಣಕ್ಕೊಂದು ಗುಡಿಸು ಕೊಟ್ಟರೆ ಗಣಿ.
ಅವರ ಅಕ್ಷರಕ್ಕೆ ಆ ಭಾಗ್ಯವಿಲ್ಲ.
ಆದರೂ ಅವನು ಗಣಿಯವನೇ.)

ಟೀಚರ್ ಒಂದೊಂದೇ ಎತ್ತಿಕೊಂಡರು,
ಓಟೆ. ಕೀಲಿ. ಗುಂಡಿ.
"ಉಳಿದದ್ದೂ ಗಣವೇ. ಶೂನ್ಯ ಗಣ."
"ಏನೂ ಇಲ್ಲದ್ದಕ್ಕೂ ನಾಮಕರಣವೇ?"
ಗೊಣಗಿದ ಕ್ರೇನಿನವನು,
"ಇದಕ್ಕಾ ನಾವು ತೆರಿಗೆ ಕಟ್ಟೋದು?"

ಪಿಯೊಂಟೆಕ್ ಎದ್ದ. ಸೊಂಟಕ್ಕೆ ಸಿಕ್ಕಿ
ಕುರ್ಚಿಯೂ ಜೊತೆಗೇ ಎದ್ದಿತು.

"ನಾನು ಬಿಲ್ಲೆ ಕಿಟಕಿಯವನು.
ಹಲಗೆ ತುಂಬ ಕೊಕ್ಕೆ, ಕೊಕ್ಕೆಗೊಂದು ಹಿತ್ತಾಳೆ ಬಿಲ್ಲೆ.
ಇಳಿಯುವವ ಒಯ್ಯುತ್ತಾನೆ, ಹತ್ತಿ ಬಂದವ ತೂಗುಹಾಕುತ್ತಾನೆ.
ನಾನು ಎಣಿಸೋದಿಲ್ಲ.
ಬೋಳು ಕೊಕ್ಕೆ ಒಂದಿದ್ದರೆ ಕೆಳಗೊಂದು ಜೀವ.
ಪಾಳಿ ಮುಗಿದು ಒಂದೂ ಬೋಳಿಲ್ಲ ಅಂದಾಗ
ಕೆಳಗಿರುವವರ ಗಣ ನಿಮ್ಮ ಈ ದಾರದ ಹಾಗೆ.
ಅದಕ್ಕೆ ಹೆಸರು ಬೇಡ ಅನ್ನಬೇಡಿ.
ಹದಿನಾಲ್ಕು ವರ್ಷದಿಂದ ದಿನಾ ಅದನ್ನೇ ಕಾಯ್ತಿದ್ದೀನಿ.

ಒಂದು ಸಲ ಎಂಬತ್ತೆಂಟು ಬರಲಿಲ್ಲ.
ನಮಗದು ಒಂದೇ ಅಂಶದ ಗಣ.
ಗೇಟಿಗೆ ಬಂದು ನಿಂತ ಅವನ ಹೆಂಡತಿಗೆ
ಗಣವೂ ಅಲ್ಲ, ನಂಬರೂ ಅಲ್ಲ, ಹೋರ್ಸ್ಟ್.
ಆರು ಜನ ದೀಪ ಹಿಡಿದು ಇಳಿದರು.
ಹೋರ್ಸ್ಟ್ ಮಹಾಶಯ ತಮ್ಮನ ಮನೆ ಸೋಫಾದಲ್ಲಿ
ಗೊರಕೆ ಹೊಡೀತಿದ್ದ, ಬಿಲ್ಲೆ ಪ್ಯಾಂಟಿನ ಜೇಬಲ್ಲಿ.
ಮೂರು ಗಂಟೆ ಹುಡುಕಿದ್ದೆವು ಸ್ವಾಮಿ,
ಶೂನ್ಯ ಗಣದ ಒಳಗೆ.
ಸಿಕ್ಕಾಗ ಕೆನ್ನೆಗೆ ಬಾರಿಸಿದೆ. ಆಮೇಲೆ ನಾನೇ ಅತ್ತೆ."

ಕ್ರೇನಿನವನು ದಾರ ನೋಡುತ್ತ ಕೂತ.
ಟೀಚರ್ ಏನೋ ಹೇಳಹೊರಟು
ಸೀಮೆಸುಣ್ಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಒಂಬತ್ತು ಗಂಟೆ. ಅಡುಗೆಮನೆ. ಮಗಳು ಮಲಗಿದ್ದಾಳೆ.
ಹಾಳೆ ಬಿಡಿಸಿ, ರಬ್ಬರು ಹುಡುಕಿದ
ಗೆರೆಯ ಮೇಲಿನ ತನ್ನನ್ನು ಅಳಿಸಿ ಒಳಗೆ ಬರೆಯಲು.
ಕೈ ಬರಲಿಲ್ಲ.
ಅವಳು ಬೂಟಿಗೆ ಲಾಡಿ ಕೂಡ ಬರೆದಿದ್ದಳು.

ಅಪ್ಪನನ್ನು ಬಿಟ್ಟು ಗೆರೆಯನ್ನೇ ಅಳಿಸಿದ,
ಹೊರಗಿನ ಬೂಟನ್ನೂ ಬಳಸಿ ಬರುವಂತೆ
ಪೆನ್ಸಿಲ್ಲಿನಿಂದ ಹೊಸದಾಗಿ ಎಳೆದ.
ಅಡ್ಡಾದಿಡ್ಡಿ ಬಂತು, ಆಲೂಗಡ್ಡೆಯ ಹಾಗೆ.
ಇರಲಿ, ಗಣಕ್ಕೆ ಆಕಾರದ ಹಂಗಿಲ್ಲವಂತೆ.

ನಾಯಿ ಎದ್ದು ಬಾಗಿಲ ತನಕ ಬಂತು.
ಬುತ್ತಿ ತಗೊಂಡು ಪಾಳಿಗೆ ಹೊರಟ.