ಹದಿನೇಳನೇ ಬ್ಲಾಕಿನ ಟ್ಯಾಂಕು

ಮುಸಫ್ಫಾದ ಕ್ಯಾಂಪು. ಮಾಳಿಗೆಯ ಟ್ಯಾಂಕಿನಿಂದ
ನೂರು ಮಿಲಿ ನೀರು ಒಯ್ದಿದ್ದೆ.
ಮರುದಿನ ತಟ್ಟೆಯಲ್ಲಿ ಹನ್ನೊಂದು ಚುಕ್ಕೆ,
ಸಾಸಿವೆಗಿಂತ ಸಣ್ಣವು.

ವರದಿಗೆ ಬರೆದೆ: ಮಿತಿ ಮೀರಿದೆ. ಅಪಾಯ, ಮಧ್ಯಮ.
ಅರಬಿಯಲ್ಲೊಂದು ಪ್ರತಿ, ಇಂಗ್ಲಿಷಿನಲ್ಲೊಂದು,
ಮೊಹರು.

ಮೆಸ್ಸಿನ ಪುತ್ತುಬಾವ ಎರಡನ್ನೂ ತಿರುಗಿಸಿ ನೋಡಿದ,
ಕೈಯ ಹಿಟ್ಟು ಕಾಗದಕ್ಕಾಯಿತು.
‘ಮಧ್ಯಮ ಅಂದ್ರೆ ಎಷ್ಟು ಮೇಡಂ?
ನಾನೂರು ಜನ ಉಂಟು ಇಲ್ಲಿ.
ಕುಡಿಯಬಹುದಾ, ಇಲ್ಲವಾ?’

ನನ್ನಲ್ಲಿ ಇದ್ದದ್ದು ಶೇಕಡಾವಾರು.
ಪೆನ್ನು ತೆಗೆದು ನಲ್ಲಿಯ ಮೇಲಿನ ಗೋಡೆಗೆ
ಒಂದು ಲೋಟ ಬಿಡಿಸಿದೆ, ಅಡ್ಡ ಗೀಟೆಳೆದೆ.

ಅವನು ಗೀಟನ್ನೇ ನೋಡುತ್ತಿದ್ದ.
‘ಕುದಿಸಿದ್ರೆ?’
‘ಕುದಿಸಿದ್ರೆ ಆಗ್ತದೆ.’

ಅದೇ ನೀರು ಒಲೆಗಿಟ್ಟ. ಗಳಗಳ ಕುದಿಯಿತು,
ಇನ್ನೂ ಕುದಿಯಲು ಬಿಟ್ಟ.
ಚಹಾ ಮಾಡಿ
ಮೊದಲ ಗ್ಲಾಸು ನನ್ನ ಕೈಗಿತ್ತು
ನಿಂತ,
ನನ್ನ ಗಂಟಲನ್ನೇ ನೋಡುತ್ತ.